ಆರ್ಟ್ಸ್ ಓದಿದವರೂ ನರ್ಸ್ ಆಗಬಹುದಾ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ನರ್ಸಿಂಗ್ ಸೀಟು ಹುಡುಕ್ತಾ ಕಲಬುರಗಿಗೆ ಬರೋರೇ, ಏಜೆಂಟರಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಕೇಳಿ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇತ್ತಾ? ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್‌ಗೆ ಹೋಗಬಹುದು. ಸರ್ಕಾರಿ ಸೀಟು ಹಂಚೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ), ಏಜೆಂಟ್ ಅಲ್ಲ. ಆರ್ಟ್ಸ್, ಕಾಮರ್ಸ್‌ನವರಿಗೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ, ಇಂಗ್ಲಿಷ್ ಪಾಸಾಗಿರಬೇಕು. ಮುಂದೆ ಡಿಗ್ರಿ ಬೇಕೆಂದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ.

ಈಗ ಮುಖ್ಯ ಕಾಗದ: ಸಂವಿಧಾನದ 371ಜೆ ವಿಧಿಯಡಿ ನೀವು ಸ್ಥಳೀಯರು ಅನ್ನೋ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿ ಸ್ಥಳೀಯರಿಗೆ 70% ಮೀಸಲು. ಸಹಿ ಹಾಕೋರು ಸಹಾಯಕ ಆಯುಕ್ತರು. ರಿಸಲ್ಟ್ ಬಂದ ಮೇಲೆ ಓಡಾಡಿದ್ರೆ ಆಗಲ್ಲ, ಪಿಯುಸಿ ಓದ್ತಿರುವಾಗಲೇ ಮಾಡಿಸಿಟ್ಟುಕೊಳ್ಳಿ.

ಸೀಟು ಸಿಕ್ಕರೆ ಅರ್ಧ ಕೆಲಸ ಅಷ್ಟೇ. ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷದ ಅನಾಟಮಿ ಕಬ್ಬಿಣದ ಕಡಲೆ. ಥಿಯರಿಗೆ 80% ಹಾಜರಾತಿ ಬೇಕು. ಆಸ್ಪತ್ರೆ ಡ್ಯೂಟಿಯ ಗಂಟೆಗಳನ್ನಂತೂ ಪೂರ್ತಿ ಮಾಡಲೇಬೇಕು. ಹಾಗಾಗಿ, ‘ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅನ್ನೋ ಕಾಲೇಜಿನಿಂದ ದೂರ ಇರಿ.

ಪಾಸಾದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ. ಅದಿಲ್ಲದೆ ನರ್ಸ್ ಅಂತ ಕೆಲಸ ಮಾಡೋ ಹಾಗಿಲ್ಲ.