ಬನ್ನಿಲ್ಲದ ಬರ್ಗರು

ರಜೆಗೆಂದು ಪಟ್ಟಣದಿಂದ ಬಂದ ಮೊಮ್ಮಕ್ಕಳಿಗೆ ಬರ್ಗರು ಬೇಕು. ಹಿರಿಯರಿಗಾದರೋ ಮಧುಮೇಹದ ಪಥ್ಯ. ಒಂದೇ ಮನೆಯಲ್ಲಿ ಎರಡು ಪಂಕ್ತಿಗಳಾಗುವುದು ಗೃಹಿಣಿಗೆ ಶ್ರಮ, ಎಲ್ಲರಿಗೂ ಖೇದ. ಇದಕ್ಕೆ ಸುಲಭವಾದ ಪರಿಹಾರವುಂಟು.

ಬರ್ಗರಿನಲ್ಲಿ ಗುರುವಾದುದು ಮೈದಾಹಿಟ್ಟಿನ ಬನ್ನು ಮತ್ತು ಎಣ್ಣೆಯಲ್ಲಿ ಕರಿದ ವಡೆ. ಬನ್ನನ್ನು ತೊರೆದು, ವಡೆಯನ್ನು ಕಾವಲಿಯ ಮೇಲೆ ಬೇಯಿಸಿ, ಕೋಸಂಬರಿಯೊಡನೆ ಬಟ್ಟಲಿನಲ್ಲಿಟ್ಟರೆ ಅದು ಲಘುವಾಗುವುದು. ಕೋಸಂಬರಿಯು ನಮಗೆ ಹೊಸತಲ್ಲ. ನಂಜನಗೂಡಿನ ಪಂಚಮಹಾರಥೋತ್ಸವಕ್ಕಾಗಲಿ, ತಿರುಮಕೂಡಲು ನರಸೀಪುರದ ಸಂಗಮಸ್ನಾನಕ್ಕಾಗಲಿ ಹೋಗಿಬಂದವರಿಗೆ ಪಾನಕ ಕೋಸಂಬರಿಗಳ ತಂಪು ತಿಳಿದೇ ಇರುವುದು. ಚರಕಸಂಹಿತೆಯು ಶಮೀಧಾನ್ಯಗಳಲ್ಲಿ ಹೆಸರಿಗೇ ಅಗ್ರಸ್ಥಾನವನ್ನಿತ್ತಿದೆ.

ನಾಲ್ವರಿಗೆ 1 ಬಟ್ಟಲು ಹೆಸರುಬೇಳೆಯನ್ನೂ ಕಾಲು ಬಟ್ಟಲು ಕಡಲೆಬೇಳೆಯನ್ನೂ 2 ಘಂಟೆ ನೆನೆಸಿ, ನೀರನ್ನು ಪೂರ್ಣವಾಗಿ ಬಸಿದು, ತರಿತರಿಯಾಗಿ ರುಬ್ಬತಕ್ಕದ್ದು. ನೀರುಳಿದರೆ ವಡೆಯು ಒಡೆಯುವುದು. ಶುಂಠಿ, ಹಸಿಮೆಣಸಿನಕಾಯಿ, ಸಬ್ಬಸಿಗೆಸೊಪ್ಪು, ಉಪ್ಪು, 2 ಚಮಚ ಅಕ್ಕಿಹಿಟ್ಟು ಕೂಡಿಸಿ 8 ವಡೆಗಳನ್ನು ತಟ್ಟಿ, ಸ್ವಲ್ಪ ಎಣ್ಣೆ ಸವರಿದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳವಿಟ್ಟು, ಎರಡೂ ಮಗ್ಗುಲು ಕೆಂಪಗಾಗುವಂತೆ ಬೇಯಿಸಬೇಕು.

ಸೌತೆಕಾಯಿ, ಗಜ್ಜರಿ, ಎಲೆಕೋಸುಗಳನ್ನು ಸಣ್ಣಗೆ ಹೆಚ್ಚಿ ನಿಂಬೆರಸ ಹಿಂಡಿ. ಉಪ್ಪನ್ನು ಬಡಿಸುವಾಗಲೇ ಹಾಕಿರಿ. ಮೊದಲೇ ಹಾಕಿದರೆ ಸೌತೆಯು ನೀರೊಡೆಯುವುದು. ಮೇಲೆ ವಡೆಗಳನ್ನಿಟ್ಟು, ಮೆಣಸಿನಪುಡಿ ಬೆರೆಸಿದ ಗಟ್ಟಿಮೊಸರನ್ನು ಹಾಕಿರಿ.

ಬೇಳೆಯಲ್ಲಿಯೂ ಪಿಷ್ಟವಿರುವುದರಿಂದ ಪಥ್ಯದವರಿಗೆ 2 ವಡೆಗಳು ಸಾಕು. ನಂಜನಗೂಡಿನ ರಸಬಾಳೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಅಜ್ಜ ಮೊಮ್ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.