ಕಾರ್ಡು ಇದ್ದರೆ ಸಾಲದು, ಬಿ.ಪಿ. ನೋಡಿಸಿ

ಮುಂಗಾರಿಗೆ ಮೊದಲೇ ದನಗಳಿಗೆ ಗಂಟಲು ಬೇನೆಯ ಚುಚ್ಚುಮದ್ದು ಹಾಕಿಸುತ್ತೇವೆ. ಶೇಂಗಾ ಬೀಜಕ್ಕೆ ಔಷಧಿ ಹಚ್ಚಿಯೇ ಬಿತ್ತುತ್ತೇವೆ. ನಮ್ಮ ಮೈ ವಿಷಯಕ್ಕೆ ಬಂದಾಗ ಮಾತ್ರ "ಕಾರ್ಡು ಐತಲ್ಲ, ಏನಾದ್ರೂ ಆದಾಗ ನೋಡ್ಕೊಂಡ್ರಾಯ್ತು" ಅನ್ನುವವರೇ ಹೆಚ್ಚು. ಈ ಕಾರ್ಡು ಯಾವುದಕ್ಕೆ ದುಡ್ಡು ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಅನ್ನುವುದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ.

ರೈತರಿಗೆ ಇಂಥ ವಿಮೆ ಹೊಸದಲ್ಲ. ಸಹಕಾರ ಸಂಘದ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ಸಿಗುತ್ತಿತ್ತು. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕಕ್ಕೆ ಸೇರಿಸಿದರು. 2022ರಲ್ಲಿ ಮತ್ತೆ ತಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಕಂತು, 5 ಲಕ್ಷದವರೆಗೆ ಚಿಕಿತ್ಸೆ ಅಂತ ಮಾಡಿದರು. ಬಿ.ಪಿ.ಎಲ್. ರೇಷನ್ ಕಾರ್ಡಿನವರಿಗೆ ಆಯುಷ್ಮಾನ್ ಕಾರ್ಡಿನಲ್ಲೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ.

ಆದರೆ ಇವೆಲ್ಲ ಹೆಚ್ಚುಕಡಿಮೆ ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಕೆಲಸಕ್ಕೆ ಬರುವಂಥವು. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮುಂಚಿನ 3 ದಿನದ ಪರೀಕ್ಷೆ, ಮನೆಗೆ ಬಂದ ಮೇಲೆ 15 ದಿನದ ಔಷಧಿ ಸೇರಿದೆ. ಇದು ಗೊತ್ತಿಲ್ಲದೆ ಕೈಯಿಂದ ಖರ್ಚು ಮಾಡುವವರಿದ್ದಾರೆ, ಕೇಳಿ ತಗೊಳ್ಳಿ. ಸುಮ್ಮನೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದರೆ ಮಾತ್ರ ಆ ಕಾರ್ಡಿನಲ್ಲಿ ದುಡ್ಡು ಬರುವುದಿಲ್ಲ. ಬೆಳೆ ವಿಮೆಯೂ ಹೀಗೇ ತಾನೆ? ಬೆಳೆ ಹೋದ ಮೇಲೆ ಪರಿಹಾರ, ಬೀಜೋಪಚಾರಕ್ಕೆ ಕಾಸಿಲ್ಲ. ಕಂಪನಿಗಳ ಕೆಲವು ಪಾಲಿಸಿಗಳಲ್ಲಿ ತಪಾಸಣೆಯೂ ಸೇರಿರುತ್ತದೆ. ಅಂಥದ್ದು ಇದ್ದವರು ಕಾಗದ ಓದಿಸಿ ನೋಡಿ.

ನಮ್ಮ ಸಂಬಂಧಿಕರೊಬ್ಬರಿಗೆ 52ನೇ ವಯಸ್ಸಿಗೆ ಲಕ್ವ ಹೊಡೆಯಿತು. ಕಾರ್ಡಿತ್ತು, ಆಸ್ಪತ್ರೆ ಬಿಲ್ಲು ಕಟ್ಟಬೇಕಾಗಲಿಲ್ಲ. ಆದರೆ ಬಲಗೈ ಎತ್ತಲಾಗದು. ಆ ವರ್ಷ ಬಿತ್ತನೆಯಿಂದ ಕಟಾವಿನವರೆಗೆ ಎಲ್ಲವೂ ಕೂಲಿಯಿಂದಲೇ ಆಯಿತು, ಕೊನೆಗೆ ಎತ್ತಿನ ಜೋಡಿ ಮಾರಿದರು. ಆ ನಷ್ಟ ತುಂಬಿಕೊಡುವ ಆರೋಗ್ಯ ಕಾರ್ಡು ಇಲ್ಲ. ಅವರ ಬಿ.ಪಿ.ಯನ್ನು ಅಲ್ಲಿವರೆಗೆ ಯಾರೂ ಒಂದು ಸಲವೂ ನೋಡಿರಲಿಲ್ಲ. ಏರಿದ ಬಿ.ಪಿ. ನೋಯುವುದಿಲ್ಲ, ಅದೇ ಕಷ್ಟ.

ಹಾಗಾದರೆ ಮುಂಚೆಯೇ ನೋಡಿಸುವುದು ಎಲ್ಲಿ? ನಮ್ಮ ಉಪಕೇಂದ್ರಗಳಲ್ಲೇ, ಪುಕ್ಕಟೆ. ಅದಕ್ಕೆ ಯಾವ ಕಾರ್ಡೂ ಬೇಡ. 30 ವರ್ಷ ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ, ಬಾಯಿಯ ಪರೀಕ್ಷೆ, ಹೆಂಗಸರಿಗೆ ಸ್ತನ ಮತ್ತು ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟದ ಅಳತೆ, ಬೀಡಿ-ಹೊಗೆಸೊಪ್ಪಿನ ಅಭ್ಯಾಸ ಕೇಳಿ ಫಾರಂ ತುಂಬುವುದು ಇದಕ್ಕೇ. "ಇದ್ಯಾಕಮ್ಮಾ ಕೇಳ್ತೀಯ" ಅಂತ ಆಕೆಯನ್ನು ವಾಪಸು ಕಳಿಸಬೇಡಿ.

ಬಿ.ಪಿ. 140/90 ಅಥವಾ ಮೇಲಿದ್ದರೆ ಹೆಚ್ಚು. ಒಂದೇ ಸಲಕ್ಕೆ ಹೆದರಬೇಕಿಲ್ಲ, ಬೇರೆ ದಿನ ಮತ್ತೆ ನೋಡುತ್ತಾರೆ. ಬಿಸಿಲಲ್ಲಿ ಸೈಕಲ್ಲು ತುಳಿದು ಹೋದ ಕೂಡಲೇ ಕೈ ಕೊಡಬೇಡಿ, ಐದು ನಿಮಿಷ ಕೂತು ಆಮೇಲೆ ನೋಡಿಸಿ. ಸಕ್ಕರೆಯಾದರೆ ಬೆಳಿಗ್ಗೆ ಮುದ್ದೆ ಉಣ್ಣದೆ ಹೋಗುವುದು ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ 100ರೊಳಗೆ ಇದ್ದರೆ ಸರಿ, 126 ಮುಟ್ಟಿದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಹೌದೋ ಅಲ್ಲವೋ ಹೇಳುತ್ತಾರೆ. ಕೆಲವು ಸಲ ಸಕ್ಕರೆ ನೋಡುವ ಪಟ್ಟಿ ಮುಗಿದಿದೆ ಅಂತಾರೆ. ಒಂದು ದಿನದ ಕೂಲಿ ಹಾಳಾಗುತ್ತದೆ, ಅದಕ್ಕೆ ಹಿಂದಿನ ದಿನವೇ ವಿಚಾರಿಸಿಕೊಂಡು ಹೋಗಿ.

ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಳ್ಳಬಹುದು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಇವುಗಳಲ್ಲಿ ಒಂದಿದ್ದರೂ ತೋರಿಸಿ. ಹೆಂಗಸರು ಗರ್ಭಕೋಶದ ಪರೀಕ್ಷೆಗೆ ನಾಚಿಕೊಳ್ಳುತ್ತಾರೆ. ದೊಡ್ಡ ಯಂತ್ರವೇನೂ ಬೇಕಿಲ್ಲ, ತರಬೇತಿ ಆದ ನರ್ಸು ಹುಳಿ ದ್ರಾವಣ ಹಚ್ಚಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಸರಿಯಿದ್ದರೆ ಮತ್ತೆ ಐದು ವರ್ಷಕ್ಕೆ. ನಾಲ್ಕೈದು ಜನ ಸಂಘದ ಹೆಂಗಸರು ಒಟ್ಟಿಗೆ ಹೋದರೆ ನಾಚಿಕೆ ಅರ್ಧ ಕಡಿಮೆ.

ಗುಳಿಗೆಯನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಬಿ.ಪಿ. ಇಳಿಯಿತು ಅಂತ ಎರಡೇ ತಿಂಗಳಿಗೆ ಗುಳಿಗೆ ಬಿಡುವವರು ಬಹಳ. ಇಳಿದಿರುವುದೇ ಗುಳಿಗೆಯಿಂದ. ಡಾಕ್ಟರನ್ನು ಕೇಳದೆ ಬಿಡಬಾರದು. ಮಳೆ ಬಿದ್ದ ದಿನ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಬಿ.ಪಿ., ಸಕ್ಕರೆಯ ಅಂಕಿಯನ್ನೂ ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ತೋರಿಸಲು ಅನುಕೂಲ.