ಭೋಸರಿಯ ಬೋಲ್ಟಿಗೆ ಯೂರೋಪಿನ ತಕ್ಕಡಿ

ನಮ್ಮ ಸಂಘದ ಸದಸ್ಯರೊಬ್ಬರು ಭೋಸರಿಯಲ್ಲಿ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಬೋಲ್ಟು, ನಟ್ಟು ಮಾಡಿ ಜರ್ಮನಿಗೆ ಕಳಿಸುತ್ತಾರೆ. ಮೊನ್ನೆ ಮನೆಗೆ ಬಂದವರು ಚಹಾ ತಣ್ಣಗಾದರೂ ಮುಟ್ಟಲಿಲ್ಲ. ಕೈಯಲ್ಲೊಂದು ಫಾರ್ಮು. "ಅಕ್ಕಾ, ನೀವು ಇಂಗ್ಲಿಷ್ ಬಿ.ಎ. ಅಲ್ಲವೇ, ಓದಿ ಹೇಳಿ" ಎಂದರು. ಷೇಕ್ಸ್‌ಪಿಯರ್ ಇದಕ್ಕಿಂತ ಸುಲಭವಾಗಿದ್ದ! ಒಂದು ಟನ್ ಬೋಲ್ಟಿನ ಹಿಂದೆ ಎಷ್ಟು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರಿದೆ ಎಂದು ಅಲ್ಲಿನ ಗಿರಾಕಿ ಕೇಳಿದ್ದ.

ಮಕ್ಕಳೇ, ಇದು ಯೂರೋಪಿಯನ್ ಒಕ್ಕೂಟದ ಸಿಬಿಎಎಂ ಎಂಬ ಕಾಯಿದೆ. ಗಡಿಯಲ್ಲಿ ಹಾಕುವ ಇಂಗಾಲದ ಸುಂಕ ಎನ್ನೋಣ. ಅಲ್ಲಿನ ಕಾರ್ಖಾನೆಗಳು ತಾವು ಬಿಡುವ ಇಂಗಾಲಕ್ಕೆ 2005ರಿಂದ ಪರವಾನಗಿ ಹೊಂದಿರಬೇಕು. ಹೊರಗಿನ ಮಾಲಿಗೆ ಆ ಕಟ್ಟುಪಾಡಿಲ್ಲದಿದ್ದರೆ ಕಾರ್ಖಾನೆಗಳೇ ದೇಶ ಬಿಟ್ಟು ಹೋದಾವೆಂಬ ಭಯ ಅವರಿಗೆ. ಅದಕ್ಕೇ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ, ಜಲಜನಕ, ವಿದ್ಯುತ್ತು ಇವುಗಳಿಗೆ 2023ರ ಅಕ್ಟೋಬರಿನಿಂದ ಲೆಕ್ಕ ಕೇಳತೊಡಗಿದರು. 2026ರ ಜನವರಿ 1ರಿಂದ ಹೋಗುವ ಮಾಲಿಗೆ ಹಣದ ಹೊಣೆಯೂ ಸೇರಿತು. ಕಟ್ಟುವವನು ಅಲ್ಲಿನ ಆಮದುದಾರ, ನಿಜ. ಆದರೆ ಬೆಲೆ ಚೌಕಾಸಿ ಮಾಡುವಾಗ ಅವನು ಯಾರ ತಲೆಗೆ ಕಟ್ಟುತ್ತಾನೆಂದು ಹೇಳಬೇಕೇ? ಅವರ ಕಾರ್ಖಾನೆಗಳಿಗೆ ಸಿಗುವ ಪುಕ್ಕಟೆ ಪರವಾನಗಿ ಕರಗಿದಂತೆ ಈ ಹೊರೆ ವರ್ಷವರ್ಷ ಏರಿ 2034ಕ್ಕೆ ಪೂರ್ತಿಯಾಗುತ್ತದೆ.

ವಿಚಿತ್ರವೆಂದರೆ ಆ ಇಂಗಾಲದಲ್ಲಿ ಹೆಚ್ಚಿನದು ಭೋಸರಿಯದಲ್ಲವೇ ಅಲ್ಲ, ಉಕ್ಕಿನದು. ನಮ್ಮ ಬಳ್ಳಾರಿಯ ತೋರಣಗಲ್ಲಿನಂಥ ಕಡೆ ಅದಿರನ್ನು ಕಲ್ಲಿದ್ದಲಿನಿಂದ ಕರಗಿಸುತ್ತಾರೆ. ಹಾಗೆ ಮಾಡಿದ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈ ಆಕ್ಸೈಡ್. ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಎಷ್ಟೋ ಕಡಿಮೆ. ಉಕ್ಕಿನ ಮಿಲ್ಲು ಲೆಕ್ಕ ಕೊಡದಿದ್ದರೆ ಯೂರೋಪು ತಾನೇ ಒಂದು ಅಂಕಿ ಹಾಕಿ, ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ವರ್ಷಕ್ಕೆ 50 ಟನ್ನಿನವರೆಗೆ ವಿನಾಯಿತಿಯುಂಟು. ಆದರೆ ಆ ಅಳತೆ ಆಮದುದಾರನಿಗೆ, ನಮ್ಮ ಪುಟ್ಟ ವರ್ಕ್‌ಶಾಪಿಗಲ್ಲ.

ನ್ಯಾಯವೇ? ಪುಣೆಯಲ್ಲೇ ಎಂಜಿನಿಯರಿಂಗ್ ಓದಿದ ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಆ ಹೊತ್ತಿಗೆ ಯೂರೋಪು ನೂರು ವರ್ಷಕ್ಕೂ ಮಿಕ್ಕಿ ಕಲ್ಲಿದ್ದಲು ಸುಟ್ಟಾಗಿತ್ತು. ಇಂದಿಗೂ ನಮ್ಮಲ್ಲಿ ತಲೆಗೆ ಸುಮಾರು ಎರಡು ಟನ್, ಅವರಲ್ಲಿ ಅದರ ಎರಡು-ಮೂರು ಪಟ್ಟು. ಹೊಣೆ ಎಲ್ಲರದೂ ಹೌದು, ಆದರೆ ಸಮನಾಗಿ ಅಲ್ಲ ಎಂದು 1992ರ ರಿಯೊ ಒಪ್ಪಂದದಲ್ಲಿ ಅವರೇ ಸಹಿ ಹಾಕಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇಲ್ಲಿ ಎರಡೂ ಕಾಲ ಅತ್ತೆಯದೇ!

ಆದರೂ ನನಗೆ ಹಿಡಿಸಿದ ಒಂದು ನಿಯಮ ಅದರಲ್ಲಿದೆ. ಇಂಗಾಲಕ್ಕೆ ನಮ್ಮ ದೇಶದಲ್ಲೇ ಬೆಲೆ ತೆತ್ತಿದ್ದರೆ ಅಷ್ಟನ್ನು ಅಲ್ಲಿ ಕಳೆಯುತ್ತಾರೆ. ಭಾರತ 2023ರಲ್ಲಿ ಇಂಗಾಲದ ವ್ಯಾಪಾರಕ್ಕೆ ತನ್ನದೇ ಯೋಜನೆ ಪ್ರಕಟಿಸಿದೆ. ಹೇಗೂ ತೆರಬೇಕಾದ ದುಡ್ಡು ಬ್ರಸೆಲ್ಸ್‌ಗೆ ಹೋಗುವ ಬದಲು ನಮ್ಮ ಕುಲುಮೆಗಳನ್ನು ಬದಲಿಸಲು ಇಲ್ಲೇ ಉಳಿಯಲಿ ಎಂಬುದು ನನ್ನ ಅಡುಗೆಮನೆಯ ಅರ್ಥಶಾಸ್ತ್ರ.

ಲೆಕ್ಕ ಕೇಳಿ ಮಿಲ್ಲಿಗೆ ಮೂರು ಪತ್ರ ಬರೆದಾಯಿತು, ಉತ್ತರವಿಲ್ಲ. ವರ್ಕ್‌ಶಾಪಿನ ಕರೆಂಟ್ ಬಿಲ್ಲುಗಳನ್ನಂತೂ ಜೋಡಿಸಿಟ್ಟಿದ್ದೇವೆ. ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಿಮ್ಮಲ್ಲಿ ಯಾರಾದರೂ ಒಂದು ಭಾನುವಾರ ಬಂದು ಈ ಅಂಕಿಗಳನ್ನು ತುಂಬಿಕೊಡುತ್ತೀರಾ? ಊಟ ನಮ್ಮ ಮನೆಯಲ್ಲೇ.